ಕಡಲ ತಳದ ಬೆಟ್ಟಕ್ಕೆ ಗೋದಾಮಿಲ್ಲ

ಊರಿಗೆ ಹೋಗಿ ಬರುವಾಗ ವಿಮಾನದ ಕಿಟಕಿಯಿಂದ ಅರಬ್ಬೀ ಸಮುದ್ರವನ್ನು ನಾವು ಎಷ್ಟು ಸಲ ನೋಡಿಲ್ಲ! ಕಂಡದ್ದು ನೀರು ಮಾತ್ರ. ಅದರ ಅಡಿಯಲ್ಲಿ ಬೆಟ್ಟಗಳಿವೆ ಎಂದು ನಮಗೆ ಹೇಳಿಕೊಟ್ಟವಳು ಎಂಟನೇ ತರಗತಿಯ ಹುಡುಗಿ.

ನಮ್ಮ ಆಸ್ಪತ್ರೆಯ ಫಾರ್ಮಸಿಯ ರಾತ್ರಿ ಪಾಳಿಯಲ್ಲಿ ನಾವು ಮೂವರು ಕನ್ನಡಿಗರು. ಒಬ್ಬರು ಮಲ್ಪೆ, ಒಬ್ಬರು ಕುಂದಾಪುರ, ಒಬ್ಬರು ದಾವಣಗೆರೆ. ಮೂವರೂ ಡಿ.ಫಾರ್ಮಾ ಮುಗಿಸಿ, ಊರಿನ ಮೆಡಿಕಲ್ ಶಾಪಿನಲ್ಲಿ ಒಂದಷ್ಟು ವರ್ಷ ನಿಂತು ಈ ಕಡೆ ಬಂದವರು. ಮೂವರಿಗೂ ನಲವತ್ತು ದಾಟಿದೆ. ಒಂದು ರಾತ್ರಿ ಕುಂದಾಪುರದವರ ಮಗಳು ಫೋನ್ ಮಾಡಿ, "ಅಪ್ಪ, ರಾಮನ್ ಬೆಟ್ಟ ಎಲ್ಲಿದೆ ಹೇಳಿ" ಎಂದಳು. ದಾವಣಗೆರೆಯವರು, "ರಾಮನಗರದ ಹತ್ತಿರ ಇರಬೇಕು" ಎಂದುಬಿಟ್ಟರು.

"ಅಲ್ಲ ಅಂಕಲ್, ಸಮುದ್ರದ ಒಳಗೆ!"

ನಿಜ. ಭಾರತದ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಆಳದಲ್ಲಿ ಸರ್ ಸಿ.ವಿ. ರಾಮನ್ ಹೆಸರಿನ ಬೆಟ್ಟವೊಂದಿದೆ. ಪಣಿಕ್ಕರ್, ವಾಡಿಯಾ ಎಂಬ ವಿಜ್ಞಾನಿಗಳ ಹೆಸರಿನವೂ ಅದರ ನೆರೆಯಲ್ಲಿವೆ. ಸಮುದ್ರದ ತಳದಿಂದ ಸಾವಿರ ಮೀಟರಿಗೂ ಮೇಲೆದ್ದು, ನೀರಿನಿಂದ ತಲೆ ಹೊರಗೆ ಹಾಕದ ಬೆಟ್ಟಗಳು ಪ್ರಪಂಚದ ಎಲ್ಲ ಸಾಗರಗಳಲ್ಲೂ ಇವೆ. ಹೆಚ್ಚಿನವು ಆರಿಹೋದ ಜ್ವಾಲಾಮುಖಿಗಳು. ಸುತ್ತ ಬರೀ ಕೆಸರಿನ ಬಯಲು. ಇಲ್ಲಿ ಮಾತ್ರ ಗಟ್ಟಿ ಬಂಡೆ. ಹರಿವ ನೀರು ಬೆಟ್ಟಕ್ಕೆ ಬಡಿದು ಬಿರುಸಾಗುತ್ತದೆ, ಆಹಾರದ ಕಣಗಳನ್ನು ಹೊತ್ತು ತರುತ್ತದೆ. ಬಿಸಿಲೇ ಇಲ್ಲದ ಆ ಕತ್ತಲಲ್ಲಿ ಹವಳಗಳು ಬಂಡೆಗೆ ಅಂಟಿಕೊಂಡು, ಬಂದ ಕಣವನ್ನು ಹಿಡಿದು ತಿಂದು ಬದುಕುತ್ತವೆ. ಮೀನುಗಳೂ ಅಲ್ಲೇ ಸೇರುತ್ತವೆ.

ಪ್ರಾಜೆಕ್ಟಿಗೆ ಹುಡುಗಿ ಆರಿಸಿಕೊಂಡದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ಸುತ್ತಲಿನ ಬೆಟ್ಟಗಳನ್ನು. ಅಲ್ಲಿ ಆರೆಂಜ್ ರಫಿ ಎಂಬ ಕೆಂಪು ಮೀನು ಮೊಟ್ಟೆಯಿಡಲು ಬೆಟ್ಟದ ಮೇಲೆ ಗುಂಪುಗೂಡುತ್ತದೆ. 1980ರ ದಶಕದಲ್ಲಿ ಟ್ರಾಲರುಗಳು ಆ ಗುಂಪಿನ ಮೇಲೆಯೇ ಬಲೆ ಎಳೆದವು. ಸಿಕ್ಕಿದ್ದು ರಾಶಿ ರಾಶಿ. ಮುಗಿಯದ ಸಂಪತ್ತು ಎನಿಸಿತು. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಮರದ ಉಂಗುರಗಳಂಥ ಗೆರೆಗಳಿರುತ್ತವೆ. ಅವನ್ನು ಸರಿಯಾಗಿ ಎಣಿಸಿ ನೋಡಿದಾಗ ಗೊತ್ತಾಯಿತು: ಈ ಮೀನು ನೂರು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು 30 ವರ್ಷ ಬೇಕು. ಅಷ್ಟರಲ್ಲಿ ಬಹುಪಾಲು ಮೀನು ಮಾರಿ ಆಗಿತ್ತು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸಿತು.

ಅವಳು ಇದನ್ನು ಓದಿ ಹೇಳಿದಾಗ ನಾವು ಮೂವರೂ ಸುಮ್ಮನಾದೆವು. ನಮಗೆ ನಮ್ಮದೇ ಒಂದು ತಪ್ಪು ನೆನಪಾಗಿತ್ತು.

ಬಂದ ಹೊಸತರಲ್ಲಿ ಮಕ್ಕಳ ಫಿಟ್ಸ್ ಮದ್ದಿನ ಬಾಟಲಿಗಳನ್ನೆಲ್ಲ ನಾವು ಒಳಗಿನ ಗೋದಾಮಿನಿಂದ ತಂದು ಮುಂದಿನ ರ‍್ಯಾಕಿನಲ್ಲಿ ಜೋಡಿಸಿದ್ದೆವು. ರ‍್ಯಾಕು ತುಂಬಿ ತುಳುಕುತ್ತಿತ್ತು. ದಿನಾ ಅದನ್ನೇ ನೋಡಿ, ಬೇಕಾದಷ್ಟಿದೆ ಎಂದುಕೊಂಡೆವು. ಹಿಂದೆ ಒಂದೂ ಉಳಿದಿರಲಿಲ್ಲ. ಆರ್ಡರ್ ತಡವಾಯಿತು, ಮಾಲು ಬರಲು ಆರು ವಾರ ಹಿಡಿಯಿತು. ಒಂದು ರಾತ್ರಿ ಚೀಟಿ ಹಿಡಿದು ನಿಂತ ತಾಯಿಗೆ ನಾವು ಖಾಲಿ ರ‍್ಯಾಕು ತೋರಿಸಬೇಕಾಯಿತು. ನಡುರಾತ್ರಿಯವರೆಗೆ ಅಲ್ಲಿಗೆ ಇಲ್ಲಿಗೆ ಫೋನ್ ಮಾಡಿ ಒಂದು ಬಾಟಲಿ ತರಿಸಿದೆವು. ಆ ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಟ್ಟದ ಮೇಲೆ ಕಂಡ ಮೀನಿನ ರಾಶಿಯೂ ಅಂಥ ಮುಂದಿನ ರ‍್ಯಾಕೇ. ಸುತ್ತಲಿನ ಕಡಲಿನಲ್ಲಿದ್ದ ದಾಸ್ತಾನೆಲ್ಲ ಒಂದೇ ಕಡೆ ಬಂದು ನಿಂತಿತ್ತು. ನಮ್ಮ ಮಾಲು ಆರು ವಾರಕ್ಕಾದರೂ ಬಂತು.

ಹವಳದ ಲೆಕ್ಕವಂತೂ ಬೇರೆಯೇ. ಹವಾಯಿ ಬಳಿಯ ಆಳದ ಒಂದು ಕಪ್ಪು ಹವಳದ ವಯಸ್ಸು 4,000 ವರ್ಷಕ್ಕೂ ಹೆಚ್ಚು ಎಂದು ಅಳೆದಿದ್ದಾರೆ. ಟಾಸ್ಮೇನಿಯಾದಲ್ಲಿ ಬಲೆಗಳು ಹೆಚ್ಚು ಎಳೆದಾಡಿದ ಬೆಟ್ಟಗಳಲ್ಲಿ ಹವಳ ಹೋಗಿ ಬರೀ ಬಂಡೆ ಉಳಿಯಿತು. ಮೀನುಗಾರಿಕೆ ನಿಲ್ಲಿಸಿ ವರ್ಷಗಳಾದ ಮೇಲೆ ನೋಡಿದರೂ ಹವಳದ ತೋಟ ಮರಳಿರಲಿಲ್ಲ. ರಕ್ತದ ಕ್ಯಾನ್ಸರಿಗೆ ನಾವು ಕೊಡುವ ಸೈಟರಾಬಿನ್ ಮದ್ದಿನ ಮೊದಲ ಸುಳಿವು ಸಿಕ್ಕಿದ್ದು ಕೆರಿಬಿಯನ್ ಕಡಲಿನ, ಆಳವಿಲ್ಲದ ನೀರಿನ ಸ್ಪಂಜೊಂದರಲ್ಲಿ. ಆಳದ ಬೆಟ್ಟಗಳ ಮೇಲೂ ಸ್ಪಂಜುಗಳಿವೆ. ಅವುಗಳಲ್ಲಿ ಏನಿದೆಯೆಂದು ನೋಡುವ ಮೊದಲೇ ಗುಡಿಸಿ ಹಾಕಿದರೆ, ಕಳೆದುಕೊಂಡದ್ದು ಏನು ಎಂಬುದೂ ತಿಳಿಯುವುದಿಲ್ಲ.

ಮಲ್ಪೆಯವರು ಆಗ ತಮ್ಮ ಅಮ್ಮನ ಮಾತು ನೆನೆದರು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮನೆಯಲ್ಲಿ ಒಣಮೀನಿನ ಚಟ್ನಿಯೇ ಗತಿ. ಮಕ್ಕಳು ಗೊಣಗಿದರೆ ಅಮ್ಮ, "ಕಡಲಿಗೂ ಬಾಣಂತನ ಬೇಕು ಮಗಾ" ಎನ್ನುತ್ತಿದ್ದರಂತೆ. ಬೂತಾಯಿ, ಬಂಗುಡೆ ಬೇಗ ಬೆಳೆಯುವ ಮೀನುಗಳು. ಅವಕ್ಕೇ ಎರಡು ತಿಂಗಳ ಬಿಡುವು ಕೊಡುತ್ತೇವೆ. 30 ವರ್ಷಕ್ಕೆ ಪ್ರಾಯಕ್ಕೆ ಬರುವ ಮೀನಿಗೆ ಎಷ್ಟು ಕೊಡಬೇಕು?

ಪ್ರಾಜೆಕ್ಟಿನ ಚಾರ್ಟಿಗೆ ಕೊನೆಗೆ ಏನು ಬರೆಯಲಿ ಎಂದು ಹುಡುಗಿ ಕೇಳಿದಳು. ನಮಗೆ ಗೊತ್ತಿರುವುದು ಲೇಬಲ್ ಬರೆಯುವುದೊಂದೇ. ಕೌಂಟರಿನಲ್ಲಿ ರೋಗಿಗಳಿಲ್ಲದ ಹೊತ್ತು ನೋಡಿ ಮೂವರೂ ಸೇರಿ ಬರೆಸಿದೆವು:

ಹೆಸರು: ಆಳ ಕಡಲಿನ ಬೆಟ್ಟದ ಮೀನು ಮತ್ತು ಹವಳ. ಹೊಸ ಮಾಲು ಬರಲು ಬೇಕಾದ ಕಾಲ: ಮೀನಿಗೆ 30 ವರ್ಷ, ಹವಳಕ್ಕೆ ನಮ್ಮ ಆಯುಸ್ಸು ಸಾಲದು. ಬದಲಿ ಮದ್ದು: ಇಲ್ಲ.