ಜೀರ್ಣನೌಕೋದ್ಧಾರ

ಹೊಸ ಗುಡಿಯನ್ನು ಕಟ್ಟಿಸಿದವನಿಗಿಂತ ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸಿದವನಿಗೆ ಪುಣ್ಯವು ಹೆಚ್ಚೆಂದು ಹಿರಿಯರು ಹೇಳುವುದುಂಟು. ಹೊಸದಕ್ಕೆ ಹಣವಿದ್ದರೆ ಸಾಕು. ಹಳೆಯದಕ್ಕೆ ತಾಳ್ಮೆಯೂ ವಿವೇಕವೂ ಬೇಕು. ಈ ಮಾತು ಹಡಗಿಗೂ ಸಲ್ಲುವುದೆಂಬುದಕ್ಕೆ ಜೋಶುವಾ ಸ್ಲೋಕಮನೆಂಬ ನಾವಿಕನ ವೃತ್ತಾಂತವೇ ಸಾಕ್ಷಿ.

ಸ್ಲೋಕಮನು 1844ರಲ್ಲಿ ನೋವಾಸ್ಕೋಷಿಯಾದಲ್ಲಿ ಜನಿಸಿದನು. ಹಾಯಿಹಡಗುಗಳ ಯಜಮಾನನಾಗಿ ಸಮುದ್ರಗಳನ್ನು ದಾಟಿದ ಈತನ ಸ್ವಂತ ಹಡಗು 1887ರಲ್ಲಿ ಬ್ರೆಜಿಲಿನ ತೀರದಲ್ಲಿ ಒಡೆದುಹೋಯಿತು. ಅಷ್ಟರಲ್ಲಿ ಉಗಿಹಡಗುಗಳ ಕಾಲವು ಬಂದು ಹಾಯಿಯ ವಿದ್ಯೆಗೆ ಬೆಲೆಯಿಲ್ಲದಾಗಿತ್ತು. ಐವತ್ತರ ಸಮೀಪಕ್ಕೆ ಬಂದಿದ್ದ ಆತನಿಗೆ, 1892ರಲ್ಲಿ, ತಿಮಿಂಗಿಲ ಬೇಟೆಯ ವೃದ್ಧ ಕಪ್ತಾನನಾದ ಎಬೆನ್ ಪಿಯರ್ಸನು ಒಂದು ಹಡಗನ್ನು ಕೊಡುವೆನೆಂದನು. ಸ್ವಲ್ಪ ದುರಸ್ತಿ ಬೇಕೆಂದೂ ಸೇರಿಸಿದನು. ಮ್ಯಾಸಚೂಸೆಟ್ಸಿನ ಫೇರ್‌ಹೇವನ್ ಎಂಬ ಊರಿಗೆ ಹೋಗಿ ನೋಡಲು, ಆ 'ಸ್ಪ್ರೇ' ಎಂಬ ನೌಕೆಯು ಸಮುದ್ರದಿಂದ ದೂರವಾದ ಹೊಲವೊಂದರಲ್ಲಿ, ಊರೆಗೋಲುಗಳ ಮೇಲೆ, ಕಿತ್ತಾನು ಬಟ್ಟೆಯನ್ನು ಹೊದ್ದು ನಿಂತಿತ್ತು!

ಒಡೆದು ಸೌದೆ ಮಾಡುವನೋ ಎಂದು ಊರವರು ಕೇಳಿದರು. ಮತ್ತೆ ಕಟ್ಟುವೆನೆಂದಾಗ, ಇದರಿಂದ ಲಾಭವೇನೆಂದು ವರ್ಷವಿಡೀ ಕೇಳಿದರು. ಸ್ಲೋಕಮನು ಕೊಡಲಿಯನ್ನು ಹಿಡಿದು ಸಮೀಪದ ಓಕ್ ಮರವೊಂದನ್ನು ಬುಡದ ತೊಲೆಗಾಗಿ ಕಡಿದನು. ಪಕ್ಕೆಲುಬಿನಂತಹ ಮರಗಳನ್ನು ಹಬೆಯಲ್ಲಿ ಮಿದುಗೊಳಿಸಿ ಅಚ್ಚಿನ ಮೇಲೆ ಬಾಗಿಸಿದನು. ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿ, ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ಬಡಿದು ತುಂಬಿದನು. ಕೈಯಲ್ಲಿ ಕಾಸು ಕಡಿಮೆಯಾದಾಗ ಬಂದರಿನ ತಿಮಿಂಗಿಲ ಹಡಗುಗಳಲ್ಲಿ ಕೂಲಿಗೆ ಹೋಗಿ ಬಂದನು. ಸಾಮಗ್ರಿಗೆ ತಗುಲಿದ ವೆಚ್ಚ 553 ಡಾಲರು 62 ಸೆಂಟು. ಸ್ವಂತ ದುಡಿಮೆ 13 ತಿಂಗಳು.

ಅವಯವಗಳು ಒಂದೊಂದಾಗಿ ಬದಲಾದರೆ ಅವಯವಿಯು ಅದೇ ಆಗಿ ಉಳಿಯುವುದೇ ಎಂದು ತಾರ್ಕಿಕರು ವಾದಿಸುವುದುಂಟು. ಹಡಗು ಕಟ್ಟುವವರ ಮತವು ಸರಳವಾದುದು: ಹಳೆಯ ರೂಪವನ್ನು ಬಿಡದೆ ಮರಗಳನ್ನು ಬದಲಿಸುತ್ತ ಹೋದರೆ, ಕಡೆಗೆ ಹಳೆಯ ಚೂರೊಂದೂ ಉಳಿಯದಿದ್ದರೂ ಹೆಸರು ಹಳೆಯದೇ. ಸ್ಪ್ರೇ ಸ್ಪ್ರೇಯಾಗಿಯೇ ಉಳಿಯಿತು.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುವುದು. ಮುಂಭಾಗದ ಕಂಬಕ್ಕೆ ಆತನು ಹುಲ್ಲುಗಾವಲಿನ ಗಟ್ಟಿ ಓಕ್ ಮರದ ಬುಡವನ್ನೇ ಆರಿಸಿದನು. ಮುಂದೆ ಕೀಲಿಂಗ್ ದ್ವೀಪಗಳಲ್ಲಿ ಹವಳದ ದಿಬ್ಬವೊಂದನ್ನು ಸೀಳಿದರೂ ಅದಕ್ಕೆ ಊನವಾಗಲಿಲ್ಲ. ಆದರೆ ನಾವಿಕರು ಅತ್ಯಗತ್ಯವೆಂದೆಣಿಸುವ ಕಾಲಮಾಪಕವನ್ನು ಶುದ್ಧಿಮಾಡಿಸಲು 15 ಡಾಲರು ಬೇಕೆಂದಾಗ ಅದನ್ನು ಬಿಟ್ಟು, ಮುಖವೊಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡನು. ಜಾಗವಿಲ್ಲದ ಕಾರಣ ಹಳೆಯ ದೋಣಿಯೊಂದನ್ನು ಅಡ್ಡಲಾಗಿ ಕತ್ತರಿಸಿ, ಅರ್ಧವನ್ನೇ ಜೊತೆಗೊಯ್ದನು. ತನ್ನ ವಿದ್ಯೆಯು ತುಂಬಬಲ್ಲ ಕೊರತೆಗೆ ಹಣ ಸುರಿಯಲಿಲ್ಲ. ಯಾವ ವಿದ್ಯೆಯೂ ತುಂಬಲಾರದ ಕಡೆ ಕೈ ಹಿಡಿಯಲಿಲ್ಲ.

1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಒಬ್ಬನೇ ಹೊರಟು, ಮೆಗೆಲ್ಲನ್ ಜಲಸಂಧಿ, ಆಸ್ಟ್ರೇಲಿಯಾ, ಮಾರಿಷಸ್, ಗುಡ್‌ಹೋಪ್ ಭೂಶಿರಗಳನ್ನು ಕಂಡು, 46,000 ಮೈಲಿಗಳಿಗೂ ಮೀರಿದ ಭೂಪ್ರದಕ್ಷಿಣೆಯನ್ನು ಮುಗಿಸಿ, 1898ರ ಜೂನ್ 27ರಂದು ನ್ಯೂಪೋರ್ಟನ್ನು ಸೇರಿದನು. ಹೀಗೆ ಏಕಾಂಗಿಯಾಗಿ ಭೂಮಿಯನ್ನು ಸುತ್ತಿದವರಲ್ಲಿ ಆತನೇ ಮೊದಲಿಗನು. ಹಲವು ವರ್ಷಗಳ ಬಳಿಕ ಅದೇ ನೌಕೆಯಲ್ಲಿ ಮತ್ತೆ ಹೊರಟವನು ಹಿಂದಿರುಗಲಿಲ್ಲ, ಹಡಗೂ ಸಿಕ್ಕಲಿಲ್ಲ.

ಲಾಭವೇನೆಂದು ಕೇಳಿದವರ ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾವ ಅಂಕಣಕ್ಕೆ ಬರೆಯಬೇಕೋ ತಿಳಿಯದು. ಲೋಕವು ಬೇಡವೆಂದು ಬಿಟ್ಟ ಹಡಗನ್ನು ಅಂತಹುದೇ ನಾವಿಕನೊಬ್ಬನು ಎತ್ತಿ ನಿಲ್ಲಿಸಿದನು. ಹಡಗು ಆತನನ್ನು ಎತ್ತಿ ನಿಲ್ಲಿಸಿತು. ಜೀರ್ಣೋದ್ಧಾರದ ಫಲವು ಉದ್ಧರಿಸಿದವನಿಗೂ ಸಲ್ಲುವುದೆಂದರೆ ಇದೇ.