ಗುಜರಿಯೂ ಕಲೆಯೂ

ಎಂಟನೇ ತರಗತಿಗೆ ಸೇರಿದ ಮೊದಲ ದಿನ. ಮಾಸ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ಊರು, ತಂದೆಯ ಕೆಲಸ ಕೇಳುತ್ತಾ ಬಂದರು. ನನ್ನ ಸರದಿ ಬಂದಾಗ ‘ವ್ಯಾಪಾರ’ ಎಂದೆ. ‘ಎಂಥ ವ್ಯಾಪಾರ?’ ಎಂಬ ಮರುಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ‘ಹಾರ್ಡ್‌ವೇರ್ ಸಾರ್’ ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ ‘ಗುಜರಿ ಸಾರ್, ಗುಜರಿ’ ಎಂದ. ಇಡೀ ತರಗತಿ ನಕ್ಕಿತು. ನಾನು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ನಮ್ಮ ಅಂಗಡಿಯಲ್ಲಿ ಇದ್ದದ್ದೂ ಕಬ್ಬಿಣವೇ. ತುಕ್ಕು ಹಿಡಿದಿತ್ತು, ಅಷ್ಟೇ. ಅಂದು ಸಂಜೆ ಅಂಗಡಿಯ ಮುಂದಿನ ರಸ್ತೆ ಬಿಟ್ಟು ಹಿಂದಿನ ಗದ್ದೆಯ ಹುಣಿಯಲ್ಲಿ ನಡೆದು ಮನೆ ಸೇರಿದೆ. ಮುಂದಿನ ಮೂರು ವರ್ಷ ಅದೇ ನನ್ನ ದಾರಿಯಾಯಿತು. ಏಕೆಂದು ಅಬ್ಬ ಒಮ್ಮೆಯೂ ಕೇಳಲಿಲ್ಲ.

ರಜೆಯಲ್ಲಿ ಮಾತ್ರ ಅಂಗಡಿಗೆ ಹೋಗಲೇಬೇಕಿತ್ತು. ಹಳೆಯ ಪೇಪರ್, ತಗಡು, ಒಡೆದ ಬಕೆಟ್, ಸೈಕಲ್ ರಿಮ್ಮು, ಹಿತ್ತಾಳೆಯ ನಲ್ಲಿಗಳನ್ನೆಲ್ಲ ಬೇರೆ ಬೇರೆ ಮಾಡಿ ಗೋಣಿಗೆ ತುಂಬುವುದು ನನ್ನ ಕೆಲಸ. ಅಬ್ಬನದ್ದು ಕೆಲವು ನಿಯಮಗಳಿದ್ದವು. ಬ್ರಾಂದಿ ಬಾಟಲಿ ಕೊಳ್ಳುತ್ತಿರಲಿಲ್ಲ. ಅದರಿಂದಾಗುತ್ತಿದ್ದ ನಷ್ಟದ ಲೆಕ್ಕ ಉಮ್ಮನ ಬಾಯಲ್ಲಿತ್ತು. ಹಳೆಯ ಪೇಪರಿನ ನಡುವೆ ಅರಬಿ ಅಕ್ಷರವಿರುವ ಹಾಳೆ ಸಿಕ್ಕರೆ ತೆಗೆದು ಎತ್ತರದಲ್ಲಿಡಬೇಕು. ದೇವರ ಚಿತ್ರವಿರುವ ಕ್ಯಾಲೆಂಡರ್ ಸಿಕ್ಕರೆ ಅದನ್ನೂ ತೆಗೆದಿಡಬೇಕು. ಪೊಟ್ಟಣ ಕಟ್ಟುವ ಅಂಗಡಿಗೆ ಅದು ಹೋಗಬಾರದು. ಯಾರದ್ದಾದರೂ ಮನಸ್ಸು ನೊಂದೀತು. ಮತ್ತೊಂದು ನಿಯಮ ನನಗೆ ತೀರಾ ವಿಚಿತ್ರವೆನಿಸುತ್ತಿತ್ತು. ಗುಜರಿಯಲ್ಲಿ ಬಂದ ಬೀಗದ ಕೀಲಿಕೈಗಳನ್ನು ಅಬ್ಬ ಕಬ್ಬಿಣದ ರಾಶಿಗೆ ಹಾಕುತ್ತಿರಲಿಲ್ಲ. ಗಲ್ಫಿನಿಂದ ಬಂದವರು ಖಾಲಿ ಮಾಡಿ ಎಸೆದ ನಿಡೋ ಹಾಲಿನ ಪುಡಿಯ ಡಬ್ಬದಲ್ಲಿ ಹಾಕಿಡುತ್ತಿದ್ದರು. ‘ಯಾರದ್ದೋ ಮನೆಯದ್ದು’ ಎನ್ನುತ್ತಿದ್ದರು.

ನನ್ನ ಆಸಕ್ತಿ ಇದ್ದದ್ದು ವಿದೇಶಿ ಪತ್ರಿಕೆಗಳ ಮೇಲೆ. ಯಾರದೋ ಬಂಗಲೆಯಿಂದ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಆ ನುಣುಪು ಕಾಗದದ ಪುಟಗಳಲ್ಲಿ ನಾನು ಮೊದಲ ಬಾರಿಗೆ ಒಂದು ವಸ್ತುವಿನ ಫೋಟೋ ನೋಡಿದೆ. ಮೂರು ಉದ್ದ ಕಾಲುಗಳ ಮೇಲೆ ನಿಂತ ಜೇಡ, ಅಥವಾ ಆಗಷ್ಟೇ ಇಳಿದ ರಾಕೆಟ್. ಅಬ್ಬನಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ‘ಎರಕದ ಅಲ್ಯೂಮಿನಿಯಂ. ಒಳ್ಳೆಯ ರೇಟಿದೆ’ ಎಂದರು. ಹತ್ತು ಹದಿನೈದು ವರ್ಷಗಳ ಬಳಿಕವೇ ಅದು ಲಿಂಬೆ ಹಿಂಡುವ ಸಾಧನವೆಂದು ನನಗೆ ತಿಳಿದದ್ದು. ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ವಿನ್ಯಾಸ ಮಾಡಿ, ಇಟಲಿಯ ಅಲೆಸಿ ಕಂಪೆನಿ 1990ರಲ್ಲಿ ಮಾರುಕಟ್ಟೆಗೆ ತಂದ ‘ಜ್ಯೂಸಿ ಸಾಲಿಫ್’. ಸಮುದ್ರ ತೀರದ ಹೋಟೆಲಿನಲ್ಲಿ ಸ್ಕ್ವಿಡ್‌ಗೆ, ಅಂದರೆ ನಮ್ಮ ಕಡೆಯ ಬೊಂಡಾಸಿಗೆ, ಲಿಂಬೆ ಹಿಂಡುತ್ತಾ ಸ್ಟಾರ್ಕ್ ತಟ್ಟೆಯಡಿಯ ಕಾಗದದಲ್ಲೇ ಅದರ ಚಿತ್ರ ಗೀಚಿದನಂತೆ. ಬೀಜ ಸೋಸುವ ವ್ಯವಸ್ಥೆ ಅದರಲ್ಲಿಲ್ಲ. ಉಮ್ಮ ಎರಡನೇ ದಿನವೇ ಅದನ್ನು ಅಟ್ಟಕ್ಕೆ ಹಾಕುತ್ತಿದ್ದರು. ಆದರೂ ಅದು ನನ್ನನ್ನು ಬಿಡಲಿಲ್ಲ. ಲಿಂಬೆ ಹಿಂಡುವುದಕ್ಕೂ ಹೀಗೆಲ್ಲ ಯೋಚಿಸುವವರು ಇದ್ದಾರೆಂಬುದೇ ನನ್ನ ಪಾಲಿಗೆ ದೊಡ್ಡ ಸುದ್ದಿಯಾಗಿತ್ತು. ಅಬ್ಬ ಲೋಹವನ್ನು ಫೋಟೋದಲ್ಲೇ ಸರಿಯಾಗಿ ಗುರುತಿಸಿದ್ದರೆಂಬುದನ್ನು ಮಾತ್ರ ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ನನ್ನ ಮಗಳು ಬೆಂಗಳೂರಿನಲ್ಲಿ ವಿನ್ಯಾಸ ಕಲಿಯುತ್ತಿದ್ದಾಳೆ. ಕಳೆದ ವರ್ಷ ರಜೆಗೆ ಬಂದವಳು ‘ಅಜ್ಜನಿಗೊಂದು ಸಿನಿಮಾ ತೋರಿಸಬೇಕು’ ಎಂದಳು. ಮನೆಯಲ್ಲಿ ಸಿನಿಮಾದ ಮಾತೆತ್ತಿದರೆ ಅಬ್ಬ ಜಮಾಅತಿಗೆ ಹೊತ್ತಾಯಿತೆಂದು ಏಳುವವರು. ‘ಅಜ್ಜಾ, ಇದು ಗುಜರಿಯವರ ಸಿನಿಮಾ’ ಎಂದಾಗ ಕೂತರು.

ಅದು ‘ವೇಸ್ಟ್ ಲ್ಯಾಂಡ್’ ಎಂಬ 2010ರ ಸಾಕ್ಷ್ಯಚಿತ್ರ. ನಿರ್ದೇಶಕಿ ಲೂಸಿ ವಾಕರ್. ಬ್ರೆಜಿಲಿನ ಛಾಯಾಚಿತ್ರಕಾರ ವಿಕ್ ಮುನಿಜ್ ವಿಚಿತ್ರ ಮನುಷ್ಯ. ಸಕ್ಕರೆಯಲ್ಲಿ, ಚಾಕೊಲೇಟ್ ಪಾಕದಲ್ಲಿ, ಕಡಲೆಕಾಯಿ ಬೆಣ್ಣೆಯಲ್ಲಿ ಚಿತ್ರ ಬಿಡಿಸಿ, ಅದರ ಫೋಟೋ ತೆಗೆಯುವವನು. ಉಳಿಯುವುದು ಫೋಟೋ ಮಾತ್ರ. ಆತ ರಿಯೋ ಡಿ ಜನೈರೋ ಹೊರವಲಯದ ಜಾರ್ದಿಂ ಗ್ರಮಾಚೋ ಎಂಬ ಕಸದ ಬೆಟ್ಟಕ್ಕೆ ಹೋದ. ದಿನಕ್ಕೆ 7,000 ಟನ್ನಿಗೂ ಹೆಚ್ಚು ಕಸ ಬಂದು ಬೀಳುತ್ತಿದ್ದ ಜಾಗ ಅದು. ಲಾರಿ ಮಗುಚುವುದನ್ನೇ ಕಾದು ಪ್ಲಾಸ್ಟಿಕ್, ಲೋಹ ಆಯುವ ಸಾವಿರಾರು ಜನ ಅಲ್ಲಿದ್ದರು. ಅವರಲ್ಲಿ ಕೆಲವರ ಫೋಟೋ ತೆಗೆದು, ದೊಡ್ಡ ಶೆಡ್ಡಿನ ನೆಲದ ಮೇಲೆ ಅದರ ಬೆಳಕಿನ ಬಿಂಬ ಬೀಳಿಸಿದ. ಆ ಗೆರೆಗಳ ಮೇಲೆ ಅವರ ಕೈಯಿಂದಲೇ ಅವರು ಆಯ್ದ ಕಸವನ್ನು ಜೋಡಿಸಿಸಿದ. ಬಾಟಲಿ ಮುಚ್ಚಳ, ಹಳೆ ಚಪ್ಪಲಿ, ಟಯರು, ಕಮೋಡಿನ ಮುಚ್ಚಳ. ಮೇಲೆ ಹತ್ತಿ ಕ್ಯಾಮರಾದಲ್ಲಿ ನೋಡಿದರೆ ಕಸವಿಲ್ಲ, ಮನುಷ್ಯರ ಮುಖ.

ಆ ಸಿನಿಮಾದಲ್ಲಿ ಟಿಯಾವೋ ಎಂಬ ತರುಣನಿದ್ದಾನೆ. ಕಸ ಆಯುವವರ ಸಂಘದ ಅಧ್ಯಕ್ಷ. ಕಸದಲ್ಲಿ ಸಿಕ್ಕ ಮೆಕಿಯವೆಲ್ಲಿಯ ಪುಸ್ತಕವನ್ನು ಒಣಗಿಸಿ ಓದಿದವನು. ಗುಜರಿಯಲ್ಲಿ ಬಂದ ಪತ್ರಿಕೆ ಓದಿ ಬೆಳೆದ ನಾನು ಅಲ್ಲಿಗೆ ಸ್ವಲ್ಪ ನೆಟ್ಟಗೆ ಕೂತೆ. ಫ್ರಾನ್ಸಿನ ಕ್ರಾಂತಿಕಾರಿ ಮಾರಾ ಸ್ನಾನದ ತೊಟ್ಟಿಯಲ್ಲಿ ಕೊಲೆಯಾದ ದೃಶ್ಯವನ್ನು 1793ರಲ್ಲಿ ಡೇವಿಡ್ ಎಂಬ ಚಿತ್ರಕಾರ ಬರೆದಿದ್ದನಲ್ಲ, ಅದೇ ಭಂಗಿಯಲ್ಲಿ ಟಿಯಾವೋನನ್ನು ಕಸದಲ್ಲಿ ಸಿಕ್ಕ ತೊಟ್ಟಿಯಲ್ಲಿ ಕೂರಿಸಿ ಮುನಿಜ್ ಚಿತ್ರ ಮಾಡಿದ. ಲಂಡನ್ನಿನ ಹರಾಜಿನಲ್ಲಿ ಅದು 28,000 ಪೌಂಡಿಗೆ ಹೋಯಿತು. ಟಿಯಾವೋ ಅಲ್ಲಿಯೇ ಅತ್ತುಬಿಟ್ಟ. ಅಬ್ಬ ಕೇಳಿದ್ದು ಒಂದೇ ಪ್ರಶ್ನೆ: ‘ದುಡ್ಡು ಯಾರಿಗೆ ಹೋಯಿತು?’ ಕಸ ಆಯುವವರ ಸಂಘಕ್ಕೆ ಎಂದು ಮಗಳು ಹೇಳಿದ ಮೇಲೆಯೇ ಅವರು ಗೋಡೆಗೆ ಒರಗಿದ್ದು.

ನನಗೆ ಮಾತ್ರ ಅನುಮಾನ ಹೋಗಲಿಲ್ಲ. ಬಡವರ ಬದುಕನ್ನು ಚಂದದ ಚಿತ್ರ ಮಾಡಿ ಸಿರಿವಂತರ ಗೋಡೆಗೆ ತೂಗುಹಾಕುವುದರಲ್ಲಿ ಯಾರ ಉಪಕಾರ ಯಾರಿಗೆ? ಸಿನಿಮಾದೊಳಗೇ ಮುನಿಜ್ ಮತ್ತು ಅವನ ಜೊತೆಗಾರರು ಈ ಬಗ್ಗೆ ಜಗಳವಾಡುತ್ತಾರೆ. ಕೆಲವು ವಾರ ಇವರನ್ನು ಬೇರೊಂದು ಲೋಕಕ್ಕೆ ಕರೆತಂದು ಮತ್ತೆ ಕಸದ ಬೆಟ್ಟಕ್ಕೆ ಬಿಟ್ಟುಬರುವುದು ನ್ಯಾಯವೇ ಎಂಬ ಪ್ರಶ್ನೆಗೆ ಅಲ್ಲಿ ನೇರ ಉತ್ತರವಿಲ್ಲ. 2012ರಲ್ಲಿ ಆ ಬೆಟ್ಟವನ್ನೇ ಮುಚ್ಚಲಾಯಿತು. ಆಯುವವರಿಗೆ ಪರಿಹಾರ ಸಿಕ್ಕಿತು, ಕಸುಬು ಹೋಯಿತು. ಮಗಳೊಡನೆ ಈ ವಿಷಯದಲ್ಲಿ ವಾದ ಬೆಳೆದಾಗ ಅಬ್ಬ ನಡುವೆ ಬಾಯಿ ಹಾಕಿದರು: ‘ನಲವತ್ತು ವರ್ಷ ಅಂಗಡಿ ನಡೆಸಿದೆ. ಫೋಟೋ ತೆಗೆಯಲೂ ಯಾರೂ ಬರಲಿಲ್ಲ.’ ಅದು ದೂರೋ ತಮಾಷೆಯೋ ನನಗೆ ತಿಳಿಯಲಿಲ್ಲ. ಫೋಟೋ ತೆಗೆಸಿಕೊಳ್ಳುವುದೆಂದರೆ ಮುಖ ತಿರುಗಿಸುವ ಅಬ್ಬ ಹೀಗೆ ಹೇಳಿದ್ದು ನನ್ನ ಬಾಯಿ ಕಟ್ಟಿಸಿತು.

ಮರುದಿನ ಮಗಳು ಎಲ್ ಅನತ್ಸುಯಿಯ ಕೆಲಸ ತೋರಿಸಿದಳು. 1944ರಲ್ಲಿ ಘಾನಾದಲ್ಲಿ ಹುಟ್ಟಿ, ನೈಜೀರಿಯದ ನ್ಸುಕ್ಕಾದಲ್ಲಿ ದಶಕಗಳ ಕಾಲ ಪಾಠ ಮಾಡಿದ ಶಿಲ್ಪಿ ಇವರು. ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳು ತುಂಬಿದ್ದ ಒಂದು ಚೀಲ ಅವರಿಗೆ ದಾರಿಯಲ್ಲಿ ಸಿಕ್ಕಿತು. ಅವುಗಳನ್ನು ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದರು. ಸಾವಿರ ಸಾವಿರ ಮುಚ್ಚಳಗಳು ಸೇರಿ ಗೋಡೆಯಷ್ಟು ದೊಡ್ಡ ಬಟ್ಟೆಯಾಗುತ್ತವೆ. ದೂರದಿಂದ ಜರತಾರಿ ಪರದೆ, ಹತ್ತಿರ ಹೋದರೆ ರಮ್ಮಿನ ಹೆಸರು. ಯುರೋಪಿನವರು ಆಫ್ರಿಕಾಕ್ಕೆ ತಂದ ಸರಕಿನಲ್ಲಿ ಮದ್ಯವೂ ಇತ್ತು. ಅದೇ ವ್ಯಾಪಾರದ ಹಡಗುಗಳು ಮನುಷ್ಯರನ್ನು ಗುಲಾಮರಾಗಿ ಹೊತ್ತೊಯ್ದವು. ಆ ಮುಚ್ಚಳಗಳನ್ನು ಅನತ್ಸುಯಿ ಸುಮ್ಮನೆ ಹೊಳಪಿಗಾಗಿ ಆರಿಸಿಕೊಂಡದ್ದಲ್ಲ. ಮತ್ತೊಂದು ಸ್ವಾರಸ್ಯವಿದೆ. ಈ ಬಟ್ಟೆಗೆ ನಿಶ್ಚಿತ ಆಕಾರವಿಲ್ಲ. ಮಡಚಿ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ, ತೂಗುಹಾಕುವವರು ತಮಗೆ ಸರಿಕಂಡ ಹಾಗೆ ನೆರಿಗೆ ಬಿಡಬಹುದು. 2015ರಲ್ಲಿ ವೆನಿಸ್ ಬಿನಾಲೆ ಅವರಿಗೆ ಜೀವಮಾನದ ಸಾಧನೆಗಾಗಿ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟಿತು.

ಬ್ರಾಂದಿ ಬಾಟಲಿ ಮುಟ್ಟದ ಅಬ್ಬನಿಗೆ ಇದನ್ನು ತೋರಿಸುವುದೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದೆ. ಮಗಳಿಗೆ ಆ ಅಳುಕಿಲ್ಲ. ಅಬ್ಬ ಬಹಳ ಹೊತ್ತು ನೋಡಿದರು. ‘ಹೊಲಿಗೆ ಚಂದ ಇದೆ. ಆದರೆ ಅಲ್ಯೂಮಿನಿಯಂಗೆ ತಾಮ್ರ ಸೇರಿಸಿದ್ದಾನೆ. ಬಿಡಿಸುವವನಿಗೆ ಕಷ್ಟ, ರೇಟೂ ಸಿಗುವುದಿಲ್ಲ’ ಎಂದರು.

ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯದು. ಎಲ್ ಸೀದ್ ಎಂಬ ಕಲಾವಿದ ಪ್ಯಾರಿಸಿನಲ್ಲಿ ಟ್ಯುನಿಸಿಯಾ ಮೂಲದ ಕುಟುಂಬದಲ್ಲಿ ಹುಟ್ಟಿದವನು. ಅರಬಿ ಓದುಬರಹ ಕಲಿತದ್ದೇ ಹದಿಹರೆಯ ದಾಟುವ ಹೊತ್ತಿಗೆ. ಬೀದಿ ಗೋಡೆಗೆ ಬಣ್ಣ ಎರಚುವ ಗ್ರಾಫಿಟಿಗೆ ಆತ ಅರಬಿ ಕ್ಯಾಲಿಗ್ರಫಿಯನ್ನು ಬೆಸೆದ. 2012ರಲ್ಲಿ ಟ್ಯುನಿಸಿಯಾದ ಗಾಬೆಸ್‌ನಲ್ಲಿ ಜಾರಾ ಮಸೀದಿಯ 57 ಮೀಟರ್ ಎತ್ತರದ ಬೋಳು ಕಾಂಕ್ರೀಟ್ ಮಿನಾರದ ಮೇಲೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಸೂಕ್ತವೊಂದನ್ನು ಬರೆದ. ಜನಾಂಗಗಳು, ಬುಡಕಟ್ಟುಗಳು ಇರುವುದು ಪರಸ್ಪರ ಅರಿಯುವುದಕ್ಕೆಂದು ಹೇಳುವ ಸೂಕ್ತ. ಏನು ಬರೆಯುತ್ತೀ ಎಂದು ಅಲ್ಲಿಯ ಇಮಾಮರು ಕೇಳಲೇ ಇಲ್ಲವಂತೆ. ನಮ್ಮಲ್ಲಿ ಮಸೀದಿಗೆ ಯಾವ ಹಸಿರು ಬಳಿಯಬೇಕೆಂಬುದಕ್ಕೆ ಎಷ್ಟು ಸಭೆ ನಡೆಯುತ್ತದೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

2016ರಲ್ಲಿ ಅದೇ ಎಲ್ ಸೀದ್ ಕೈರೋದ ಮನ್ಶಿಯತ್ ನಾಸಿರ್‌ಗೆ ಹೋದ. ಅದು ಜಬ್ಬಾಲೀನರ, ಅಂದರೆ ಕಸದವರ ಕೇರಿ. ತಲೆಮಾರುಗಳಿಂದ ಕೈರೋದ ಕಸವನ್ನು ಮನೆಮನೆಯಿಂದ ಹೊತ್ತು ತಂದು ಬೇರ್ಪಡಿಸಿ, ಬಹುಪಾಲನ್ನು ಮರುಬಳಕೆಗೆ ಕಳಿಸುವ ಈ ಜನರಲ್ಲಿ ಹೆಚ್ಚಿನವರು ಕಾಪ್ಟಿಕ್ ಕ್ರೈಸ್ತರು. ಹಸಿಕಸ ತಿನ್ನಲು ಹಂದಿ ಸಾಕುತ್ತಿದ್ದರು. 2009ರಲ್ಲಿ ಹಂದಿಜ್ವರದ ಹೆಸರಿನಲ್ಲಿ ಸರಕಾರ ಮೂರು ಲಕ್ಷದಷ್ಟು ಹಂದಿಗಳನ್ನು ಕೊಲ್ಲಿಸಿತು. ಆಮೇಲೆ ಕೈರೋದ ಬೀದಿಗಳಲ್ಲಿ ಹಸಿಕಸ ಕೊಳೆತು ನಾರಿದಾಗ ಈ ಜನ ಏನು ಮಾಡುತ್ತಿದ್ದರೆಂಬುದು ನಗರಕ್ಕೆ ಅರ್ಥವಾಯಿತು. ಎಲ್ ಸೀದ್ ಅಲ್ಲಿನ ಪಾದ್ರಿಯ ಒಪ್ಪಿಗೆ ಪಡೆದು ಸುಮಾರು 50 ಕಟ್ಟಡಗಳ ಮೇಲೆ ನೀಲಿ, ಬಿಳಿ, ಕಿತ್ತಳೆ ಬಣ್ಣದಲ್ಲಿ ಒಂದೇ ವರ್ತುಲ ಬರೆದ. ಕೇರಿಯೊಳಗೆ ನಿಂತರೆ ಇಲ್ಲೊಂದು ಗೆರೆ, ಅಲ್ಲೊಂದು ಬಾಗು ಮಾತ್ರ ಕಾಣುತ್ತದೆ. ಮುಕತ್ತಮ್ ಬೆಟ್ಟದ ಒಂದು ಜಾಗದಲ್ಲಿ ನಿಂತಾಗ ಎಲ್ಲ ತುಂಡುಗಳೂ ಕೂಡಿ ಪೂರ್ಣ ವಾಕ್ಯವಾಗುತ್ತದೆ.

ಅಬ್ಬ ಅದನ್ನು ಓದಲು ಹೊರಟರು. ದಿನವೂ ಕುರ್‌ಆನ್ ಓದುವವರು, ಅಕ್ಷರ ಗೊತ್ತು. ಅಲಿಫ್, ಲಾಮ್ ಎಂದು ಬೆರಳಿಟ್ಟು ಹುಡುಕಿದರು. ಸುರುಳಿ ಸುರುಳಿಯಾದ ಅಕ್ಷರ ಕೈಗೆ ಸಿಗಲಿಲ್ಲ. ‘ಯಾವ ಆಯತ್ ಇದು?’ ಎಂದು ಕೇಳಿದರು. ಆಯತ್ ಅಲ್ಲ, ಅಲೆಕ್ಸಾಂಡ್ರಿಯಾದಲ್ಲಿ ಬಹಳ ಹಿಂದೆ ಬಾಳಿದ ಅಥನೇಷಿಯಸ್ ಎಂಬ ಕ್ರೈಸ್ತ ಬಿಷಪ್ಪರ ಮಾತು, ಬೆಳಕು ಸರಿಯಾಗಿ ಕಾಣಬೇಕಾದರೆ ಮೊದಲು ಕಣ್ಣೊರೆಸಿಕೊಳ್ಳಬೇಕೆಂಬ ಅರ್ಥದ್ದು ಎಂದು ಮಗಳು ಹೇಳಿದಳು. ಅಬ್ಬ ತಲೆಯಾಡಿಸಿದರು. ನನಗೆ ಗದ್ದೆಯ ಹುಣಿ ನೆನಪಾಯಿತು. ಹಂದಿ ಎಂದಾಕ್ಷಣ ನಾನು ಮೂಗು ಮುರಿದಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು; ಆ ಕೇರಿಯವರ ಮಕ್ಕಳು ಶಾಲೆಯಲ್ಲಿ ತಂದೆಯ ಕೆಲಸ ಏನೆಂದು ಹೇಳುತ್ತಾರೋ!

ಈ ವರ್ಷ ಮಗಳಿಗೆ ಕೊನೆಯ ವರ್ಷದ ಪ್ರದರ್ಶನವಿತ್ತು. ಅಜ್ಜನ ಕೀಲಿಕೈ ಡಬ್ಬಗಳು ಬೇಕೆಂದಳು. ಅಂಗಡಿ ಮುಚ್ಚುವಾಗ ಎಲ್ಲವನ್ನೂ ಮಾರಿದ್ದ ಅಬ್ಬ ಹಳೆಯ ತಕ್ಕಡಿಯನ್ನೂ ಹನ್ನೊಂದು ನಿಡೋ ಡಬ್ಬಗಳನ್ನೂ ಮನೆಗೆ ತಂದಿದ್ದರು. ಕೀಲಿಕೈಗಳನ್ನು ಬೆಸುಗೆ ಹಾಕಿ ಒಂದು ಬಾಗಿಲಿನಷ್ಟು ದೊಡ್ಡ ಪರದೆ ಮಾಡುವುದು ಅವಳ ಯೋಚನೆ.

‘ಬೆಸುಗೆ ಬೇಡ ಮಗಳೇ. ಯಾರಾದರೂ ಹುಡುಕಿಕೊಂಡು ಬಂದರೆ?’

‘ನಲವತ್ತು ವರ್ಷದಲ್ಲಿ ಯಾರಾದರೂ ಬಂದಿದ್ದಾರಾ ಅಜ್ಜಾ?’

‘ಇಬ್ಬರು ಬಂದಿದ್ದಾರೆ. ಒಬ್ಬರಿಗೆ ಸಿಕ್ಕಿತು.’

ಕೊನೆಗೆ ನೂಲಿನಲ್ಲಿ ಕಟ್ಟುವುದೆಂದಾಯಿತು. ಗೋಣಿಯ ಬಾಯಿಗೆ ಹಾಕುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನು ಅಬ್ಬ ಅವಳಿಗೆ ಕಲಿಸಿದರು. ಅವರ ಬೆರಳು ನಡುಗುತ್ತಿತ್ತು, ಗಂಟು ತಪ್ಪಲಿಲ್ಲ. ಪರದೆಯ ಪಕ್ಕದ ಚೀಟಿಯಲ್ಲಿ ಏನು ಬರೆಯಲಿ ಎಂದು ಅವಳು ಬೆಂಗಳೂರಿನಿಂದ ಫೋನಿನಲ್ಲಿ ನನ್ನನ್ನು ಕೇಳಿದಳು. ಅಬ್ಬನ ಪೂರ್ತಿ ಹೆಸರು ಹೇಳಿದೆ. ಅದರ ಕೆಳಗೆ ‘ಗುಜರಿ ವ್ಯಾಪಾರಿ’ ಎಂದು ಬರೆ ಎಂದೆ.

ಪ್ರದರ್ಶನ ಮುಗಿದು ಡಬ್ಬಗಳು ಮರಳಿ ಬಂದ ದಿನ ಅಬ್ಬ ಅಟ್ಟದಿಂದ ತಕ್ಕಡಿ ಇಳಿಸಲು ಹೇಳಿದರು. ಕಳಿಸುವ ಮುನ್ನ ತೂಗಿ, ತೂಕವನ್ನು ಡಬ್ಬದ ತಳದಲ್ಲಿ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರಂತೆ, ನಮಗ್ಯಾರಿಗೂ ಗೊತ್ತಿರಲಿಲ್ಲ. ಒಂಬತ್ತನೇ ಡಬ್ಬದಲ್ಲಿ ಎಪ್ಪತ್ತು ಗ್ರಾಂ ಕಡಿಮೆ ಬಂತು. ಮಗಳು ಆಗಲೇ ತನ್ನ ಬ್ಯಾಗನ್ನು ಚಾಪೆಯ ಮೇಲೆ ಸುರಿದು ಹುಡುಕುತ್ತಿದ್ದಳು.