ಹಿತ್ತಿಲ ಬೆಂಡೆ

ಭರಣಿ ಮಳೆ ಒಂದು ಹದ ಬಿತ್ತೆಂದರೆ ಬಿಡದಿ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಗಂಡಸರು ನೇಗಿಲು ಹುಡುಕುತ್ತಿದ್ದರು, ಹೆಂಗಸರು ಅಟ್ಟ ಹತ್ತುತ್ತಿದ್ದರು. ಒಲೆಯ ನೇರಕ್ಕೆ ತೂಗುಬಿಟ್ಟ ಸೋರೆಬುರುಡೆ, ಹೊಗೆ ಹಿಡಿದು ಕಪ್ಪಗಾದ ಬಟ್ಟೆಗಂಟು, ಬಾಯಿಗೆ ಸಗಣಿ ಮೆತ್ತಿದ ಕುಡಿಕೆ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಹೀರೆ, ಪಡವಲ, ಅವರೆಗಳ ನಡುವೆ ಬೂದಿಯಲ್ಲಿ ಹೊರಳಿಸಿಟ್ಟಿದ್ದ ಬೆಂಡೆಬೀಜವನ್ನು ಅಜ್ಜಿ ಮೊರಕ್ಕೆ ಸುರಿದು ಕೇರಿ, ಜೊಳ್ಳನ್ನು ಕೋಳಿಗೆ ಎರಚಿ, ಗಟ್ಟಿಯಾದ್ದನ್ನು ರಾತ್ರಿ ನೀರಿಗೆ ಹಾಕುತ್ತಿದ್ದಳು. ತೇಲಿದ್ದನ್ನು ಬಿಸಾಕು, ಮುಳುಗಿದ್ದನ್ನು ನೆಡು. ಅವಳ ಕೃಷಿ ವಿಜ್ಞಾನ ಅಷ್ಟೇ.

ಬಚ್ಚಲ ನೀರು ಹರಿಯುವ ಕಡೆಗೆ ಪಾತಿ, ಗುಣಿಗೆರಡು ಬೀಜ, ಮೇಲೊಂದು ಹಿಡಿ ತಿಪ್ಪೆಗೊಬ್ಬರ. ಮೊಳಕೆ ಕುಕ್ಕದಂತೆ ಕೋಳಿ ಕಾಯುವ ಕೆಲಸ ಮಕ್ಕಳದು, ಜಾಲಿಮುಳ್ಳು ಎಳೆದು ತಂದು ಬೇಲಿ ಕಟ್ಟುವುದೂ ನಮ್ಮದೇ. ಗಿಡ ಮೊಣಕಾಲೆತ್ತರ ಬಂದು ಹಳದಿ ಹೂ ಬಿಟ್ಟಾಗ, ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಆ ಹೂವಿನ ಕಡುಗೆಂಪು ಗಂಟಲೊಳಗೆ ಇಣುಕಿ ಇರುವೆ ಎಣಿಸುತ್ತ ಕೂತು ಎಷ್ಟು ಸಲ ಸ್ಕೂಲಿಗೆ ತಡವಾಗಿದ್ದೇವೋ. ಕಾಯಿ ಬಿಡಿಸಿದರೆ ಮೊಳಕೈವರೆಗೆ ನವೆ, ಹರಳೆಣ್ಣೆ ಹಚ್ಚಿಕೊಂಡು ಕೆರೆಯುತ್ತಿದ್ದೆವು. ತುದಿ ಬಗ್ಗಿಸಿದರೆ ಟಕ್ ಅನ್ನಬೇಕು, ಅನ್ನದ್ದು ದನಕ್ಕೆ. ಅವ್ವ ಈಳಿಗೆಮಣೆಯ ಮೇಲೆ ಹೆಚ್ಚಿ ಎಸೆದ ತೊಟ್ಟುಗಳನ್ನು ಹಣೆಗೆ, ಮೂಗಿಗೆ, ಕಿವಿಗೆ ಅಂಟಿಸಿಕೊಂಡು ನಾವೆಲ್ಲ ದೇವರಾಗುತ್ತಿದ್ದೆವು. ಆಮೇಲೆ ಹುಣಸೆ ಹಿಂಡಿ ಲೋಳೆ ಮುರಿದ ಗೊಜ್ಜು, ಬಿಸಿ ಮುದ್ದೆ. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆ ಅನ್ನುವ ಆಸೆ ಬೇರೆ. ನಮ್ಮ ಮನೆಯಲ್ಲಿ ಯಾರಿಗೂ ಬಂದಂತಿಲ್ಲ.

ರೇಷ್ಮೆಹುಳ ಸಾಕುವ ಮನೆ ನಮ್ಮದು. ಹಿಪ್ಪುನೇರಳೆ ಸೊಪ್ಪಿಗೆ ಔಷಧಿಯ ಗಾಳಿ ಸೋಕಿದರೂ ಹುಳ ಉಳಿಯುವುದಿಲ್ಲ, ಹಾಗಾಗಿ ಬೆಂಡೆಗೆ ಬಿದ್ದ ಕಾಯಿಕೊರಕವನ್ನು ಕೈಯಲ್ಲೇ ಹೆಕ್ಕಬೇಕಿತ್ತು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿ ಬಂದ ದಿನ ಅಪ್ಪ ಕಟ್ಟಿಸಿಕೊಂಡು ಬರುತ್ತಿದ್ದ ತಟ್ಟೆಇಡ್ಲಿಯ ಆಸೆಗೆ ಆ ಕೆಲಸವನ್ನೂ ಮಾಡುತ್ತಿದ್ದೆವು. ಭೈರಮಂಗಲ ಕೆರೆ ಬಯಲಲ್ಲಿ ಆಗಿನ್ನೂ ಕಬ್ಬಿತ್ತು. ಆಲೆಮನೆ ಹೂಡಿದವರು ಕಾಯಿ ಮುಗಿದ ಬೆಂಡೆಗಿಡಕ್ಕೆ ಬರುತ್ತಿದ್ದರು. ದಂಟು ಜಜ್ಜಿ, ನೀರಲ್ಲಿ ಕಿವುಚಿ, ಆ ಲೋಳೆಯನ್ನು ಕೊಪ್ಪರಿಗೆಗೆ ಸುರಿದರೆ ಕಬ್ಬಿನ ಹಾಲಿನ ಕಸವೆಲ್ಲ ನೊರೆಯಾಗಿ ಮೇಲೆದ್ದು ಬರುತ್ತಿತ್ತು, ನಮಗೆ ಎಲೆ ಮೇಲೆ ಬಿಸಿಬೆಲ್ಲ.

ಎಲ್ಲಕ್ಕಿಂತ ಕಟ್ಟುನಿಟ್ಟು ಬೀಜದ ಕಾಯಿಯದು. ಚೆನ್ನಾಗಿ ಬಂದ ಗಿಡದ ಬುಡದ ಎರಡು ಕಾಯಿಗೆ ಅಜ್ಜಿ ಕೆಂಪು ಬಟ್ಟೆಚೂರು ಕಟ್ಟುತ್ತಿದ್ದಳು, ಅದನ್ನು ಮುಟ್ಟಿದವರಿಗೆ ಅವತ್ತು ಬೆನ್ನಿಗೆ ಬೀಳುವುದು ಖಾತ್ರಿ. ಕಾಯಿ ಒಣಗಿ, ಏಣು ಬಿರಿದು, ಗಾಳಿಗೆ ಗಲಗಲ ಅಂದಾಗಲೇ ಕೀಳುವುದು. ಮದುವೆಯಾಗಿ ಹೋದ ಅತ್ತೆಯಂದಿರ ಮಡಿಲಿಗೆ ಆ ಬೀಜದ ಗಂಟೂ ಬೀಳುತ್ತಿತ್ತು, ಮಾಗಡಿಗೊಂದು, ಕನಕಪುರಕ್ಕೊಂದು, ಚನ್ನಪಟ್ಟಣದ ಕಡೆಗೊಂದು. ಒಂದು ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟರೆ ಅದೇ ಬೀಜ ಹಬ್ಬಕ್ಕೆ ಬಂದ ಅತ್ತೆಯ ಸೀರೆ ಸೆರಗಲ್ಲಿ ತಿರುಗಿ ಮನೆಗೆ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳಿಗೆಂದು ಸರ್ವೆಯವರು ಸರಪಳಿ ಎಳೆದು ಕಲ್ಲು ನೆಟ್ಟರು. 1999ರ ಡಿಸೆಂಬರಿನಲ್ಲಿ ಟೊಯೋಟಾ ಕಾರ್ಖಾನೆ ಕ್ವಾಲಿಸ್ ಕಾರು ತಯಾರಿಸತೊಡಗಿತು, ಅದರ ಬೆನ್ನಿಗೆ ಎಷ್ಟೋ ಬಂದವು. ಅಣ್ಣಂದಿರು ಯೂನಿಫಾರ್ಮ್ ತೊಟ್ಟು ಶಿಫ್ಟಿಗೆ ಹೋದರು, ತಿಂಗಳ ಸಂಬಳ ಬಂತು, ಹೆಂಚು ಹೋಗಿ ತಾರಸಿ ಬಂತು; ಅದನ್ನು ಬೇಡವೆನ್ನಲು ನಾವ್ಯಾರು? ಸೌದೆ ಒಲೆಯೂ ಹೋಯಿತು, ಹೊಗೆಯಿಲ್ಲದ ಗಂಟಿಗೆ ಹುಳು ಬಿತ್ತು. ಹಿತ್ತಿಲಲ್ಲಿ ಕಾರ್ಮಿಕರಿಗೆ ಬಾಡಿಗೆ ಕೊಡುವ ರೂಮುಗಳ ಸಾಲೆದ್ದಿತು. ವೃಷಭಾವತಿ ಹೊಳೆಯ ನೊರೆ ತುಂಬಿದ ಭೈರಮಂಗಲದ ಬಯಲಲ್ಲಿ ಕಬ್ಬಿನ ಜಾಗಕ್ಕೆ ಸೀಮೆಹುಲ್ಲು, ಬೇಬಿಕಾರ್ನ್ ಬಂದವು. ಅಜ್ಜಿ ಇರುವತನಕ ಭರಣಿ ಮಳೆ ಬಂದಾಗ ಎದ್ದು ಹೋಗಿ ಆ ರೂಮುಗಳ ಗೋಡೆ ನೋಡಿ ಬರುತ್ತಿದ್ದಳು.

ಅಂಗಡಿಯ ಐದೇಣಿನ ಬೆಂಡೆಯನ್ನು ತೆಗಳಲಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಳದಿ ನಂಜುರೋಗವನ್ನು ತಡೆದು ಎಷ್ಟೋ ರೈತರನ್ನು ಉಳಿಸಿದೆ. ಆದರೆ ಅಜ್ಜಿಯ ಹಿತ್ತಿಲ ಆ ಮೋಟು ಗಾತ್ರದ, ಬಿಳಿಚು ಹಸಿರಿನ, ಏಳೆಂಟು ಏಣಿನ ಬೆಂಡೆಯ ರುಚಿ ಅದಕ್ಕಿಲ್ಲ. ಮಾಗಡಿ, ಕನಕಪುರದ ಕಡೆ ಯಾರ ಹಿತ್ತಿಲಲ್ಲಾದರೂ ಅದು ಇನ್ನೂ ಕಾಯಿ ಬಿಡುತ್ತಿದ್ದರೆ ಬುಡದ ಎರಡು ಕಾಯಿ ಬಿಡಿಸಬೇಡಿ. ಪಕ್ಕದಲ್ಲೇ ಹೈಬ್ರಿಡ್ ಹಾಕಬೇಡಿ, ಜೇನು ಬೆರಕೆ ಮಾಡಿಬಿಡುತ್ತದೆ. ಬೀಜವನ್ನು ವರ್ಷಗಟ್ಟಲೆ ಗಂಟಲ್ಲೇ ಇಟ್ಟರೆ ಮೊಳೆಯುವುದಿಲ್ಲ, ವರ್ಷವರ್ಷ ಬಿತ್ತಿ. ನಮಗೂ ಒಂದು ಹಿಡಿ ಕೊಡಿ, ತಾರಸಿ ಮೇಲೆ ಬಕೆಟ್ಟಿನಲ್ಲಾದರೂ ನೆಡುತ್ತೇವೆ.